ಎರಡನೆಯ ಶಕೆ

“ಹೊಸಾದು ಬ್ಯಾಡ ಅನ್ನಾಕತ್ತದ ನೋಡು,” ಎಂದಳು ಶೀತಲ್.

ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅಂಗಡಿಯವನು ಸಕ್ಕರೆ ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತ್ತು. ನನ್ನ ಬಳಿ ಇರುವುದೇ ಎಲ್ಲಕ್ಕಿಂತ ಹೊಸದು, ಬೇರೇನೂ ಹಾಕಿಕೊಳ್ಳುವುದಿಲ್ಲ ಎಂದು ಅದರ ತಾತ್ಪರ್ಯ.

“ಇನ್ನೊಮ್ಮೆ ಕೇಳು.”

“ಎಷ್ಟ ಸಲ ಕೇಳಿದ್ರೂ ಅಷ್ಟಽ, ಚಿಗವ್ವ.”

ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಪೊಲೀಸ್ ಪೇದೆ ಶೇಂಗಾ ಬಿಡಿಸುತ್ತ ಕೂತಿದ್ದ. ಊಟದ ಹೊತ್ತಿನ ತನಕ ನೋಡಿಕೊಳ್ಳಿ, ಏನನ್ನೂ ಅಳಿಸಬೇಡಿ ಎಂದು ಇನ್ಸ್‌ಪೆಕ್ಟರು ಕೋಣೆಯ ಸೀಲು ತೆಗೆಸಿಕೊಟ್ಟಿದ್ದರು. ನನ್ನ ಮೇಲಿನ ಪ್ರೀತಿಗಲ್ಲ. ಕಂಪ್ಯೂಟರೆಂದರೆ ಅವರಿಗೂ ತಲೆನೋವು.

ಹಿಂದಿನ ಸಂಗತಿ ಇಷ್ಟೆ: ಮಾರ್ಕೆಟ್ ಯಾರ್ಡಿನ ಹಿಂದಿರುವ ಈ ಕೋಲ್ಡ್ ಸ್ಟೋರೇಜಿನ ಬಟಾಣಿ ಕೋಣೆಯಲ್ಲಿ ಹಮಾಲ ಲಾಲಪ್ಪ ಹೆಪ್ಪುಗಟ್ಟಿ ಸತ್ತ, ಒಳಗಿನ ಕೆಂಪು ಗುಂಡಿ ಒತ್ತಿದರೂ ಹೊರಗಿನ ಸೈರನ್ನು ಕೂಗಲಿಲ್ಲ, ಅದನ್ನು ಕೂಗಿಸಬೇಕಿದ್ದ ಪ್ರೋಗ್ರಾಮನ್ನು ಗಂಟು ಕಟ್ಟಿ ಕಳಿಸಿದವಳು ನನ್ನ ಮನೆಯಲ್ಲೇ ಇರುವ ನನ್ನ ಅಕ್ಕನ ಮಗಳು ಶೀತಲ್.

ಶನಿವಾರ ಮುಚ್ಚಿದ ಬಾಗಿಲನ್ನು ಸೋಮವಾರ ತೆಗೆದಿದ್ದರು. ಗುಂಡಿಯ ಮೇಲೆ ಅವನ ಹೆಬ್ಬೆರಳಿನ ಚರ್ಮ ಅಂಟಿಕೊಂಡಿತ್ತು. ಅದನ್ನು ನಾನೇ ನೋಡಿದೆ. ನೋಡಿದಾಗ ನನಗೆ ಏನೂ ಅನಿಸಲಿಲ್ಲ, ಈಗಲೂ ಅನಿಸುತ್ತಿಲ್ಲ. ಪುಣೆಯಲ್ಲಿ ಖಾಸಗಿ ತನಿಖೆ ಮಾಡಿಕೊಂಡು ಬದುಕುವ ಹೆಂಗಸು ಇಷ್ಟರಲ್ಲಾಗಲೇ ಬಹಳ ನೋಡಿರುತ್ತಾಳೆ. ಆದರೆ ಮನೆಯ ಹುಡುಗಿಯೇ ಆರೋಪಿಯಾಗಿ ಕೂತಾಗಲೂ ಏನೂ ಅನಿಸದಿದ್ದರೆ ಹೇಗೆ ಎಂದು ಮಾತ್ರ ಆಗೀಗ ಹೆದರಿಕೆಯಾಗುತ್ತಿತ್ತು.

“ಇವತ್ತ ಸಂಜೀಕ ಠಾಣಾಕ್ಕ ಹೋಗಿ ಬರದುಕೊಟ್ಟುಬಿಡತೀನಿ,” ಎಂದಳು ಶೀತಲ್. “ನಮ್ಮ ಆಫೀಸಿನ ಅಮರ ಸರ್ ಟೈಪ್ ಮಾಡಿಸಿ ಕೊಟ್ಟಾರ. ಸಹಿ ಒಂದು ಹಾಕೂದದ.”

“ಬಾಯಿ ಮುಚ್ಚು. ಸಹಿ ಹಾಕಿದಿ ಅಂದ್ರ ಅಲ್ಲಿಂದ ಸೀದಾ ಒಳಗ. ಗೊತ್ತದ ಇಲ್ಲೋ?”

“ಗೊತ್ತದ.”

“ಗೊತ್ತದ ಅಂತ ಹೆಂಗ ಹೇಳತಾಳ ನೋಡು! ಸಿನೆಮಾಕ್ಕ ಹೊಂಟಾಕಿ ಹಂಗ.”

ಅವಳು ಪರದೆಯನ್ನೇ ನೋಡುತ್ತಿದ್ದಳು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡೆ.

“ಮೊದಲಿಂದ ಹೇಳು. ನನಗ ತಿಳಿಯೂ ಹಂಗ ಹೇಳು. ನನಗಽ ತಿಳೀಲಿಲ್ಲಂದ್ರ ಕೋರ್ಟಿನ್ಯಾಗ ಯಾರಿಗೂ ತಿಳಿಯಂಗಿಲ್ಲ.”

“ಈ ಪ್ರೋಗ್ರಾಮ್ ಬರದಾವ ಕಿಶೋರ ಅಂತ, ಒಬ್ಬ ಹುಚ್ಚ. ಬರದು ಇಂಟರ್ನೆಟ್ಟಿನ್ಯಾಗ ಎಲ್ಲಾರಿಗೂ ಪುಕ್ಕಟೆ ಬಿಟ್ಟಾನ. ಆದ್ರ ಇದು ಮೊದಲನೇದು, ಇದು ಎರಡನೇದು ಅಂತ ನಂಬರ್ ಹಾಕಿ ಬಿಡುಗಡೆ ಅಂತ ಮಾಡಲೇ ಇಲ್ಲ. ದಿನಾ ಏನರ ತಿದ್ದತಿದ್ದ. ಕೇಳಿದ್ರ ಇನ್ನೂ ಮುಗದಿಲ್ಲ ಅಂತಿದ್ದ.”

“ಮುಗೀದಽ ಇದ್ದದ್ದನ್ನ ನೀವ್ಯಾಕ ತಗೊಂಡ್ರಿ?”

“ಭಾಳ ಛಲೋ ಇತ್ತು. ಅಮರ ಸರ್ ತಗೋ ಅಂದ್ರು. ಒಂದಿನದ್ದು ಅದು ಹೆಂಗ ಇತ್ತೋ ಹಂಗ ತಗೊಂಡು ಮಷೀನಿನ್ಯಾಗ ಇಳಿಯೂ ಹಂಗ ನಾ ಗಂಟು ಕಟ್ಟಿದೆ. ಗಂಟಿಗೆ ನಂಬರ್ ಬೇಕಽ ಬೇಕು. ಇಲ್ಲಂದ್ರ ಯಾವುದು ಹಳೇದು ಯಾವುದು ಹೊಸಾದು ಮಷೀನಿಗೆ ಗೊತ್ತಾಗಂಗಿಲ್ಲ. ಬರದಾವ ನಂಬರ್ ಕೊಡಲಿಲ್ಲಂದ್ರ ಕಟ್ಟಿದವರು ಕೊಡಬೇಕು. ನಾ ಅವತ್ತಿನ ತಾರೀಖು ಹಾಕಿದೆ. ಇಸವಿ, ತಿಂಗಳು, ದಿನ, ಒಂದಕ್ಕೊಂದು ಹಚ್ಚಿ.”

ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. 20030914.

“ಹೋದ ವರ್ಷ ಸಪ್ಟೆಂಬರ್ ಹದಿನಾಲ್ಕು,” ಎಂದೆ.

“ನಿನಗದು ತಾರೀಖು. ಮಷೀನಿಗೆ ಅದು ಎರಡು ಕೋಟಿ ಚಿಲ್ಲರ.”

ನಾನು ಅಂಕಿಗಳನ್ನು ಬೆರಳಿನಲ್ಲಿ ಎಣಿಸಿದೆ.

“ಆಮ್ಯಾಲೆ ಜನವರಿಯೊಳಗ ಕಿಶೋರಗ ಏನನಸ್ತೋ, ಬಿಡುಗಡೆ ಮಾಡೇಬಿಟ್ಟ. ನಂಬರೂ ಹಾಕಿದ. ಒಂದು. ಬರೇ ಒಂದು. ಮಷೀನ್ ನೋಡತು, ನನ್ನ ಕಡೆ ಎರಡು ಕೋಟಿದು ಅದ, ಇದು ಒಂದಂತ, ಇದ್ಯಾವುದೋ ಹಳೇದು, ಬ್ಯಾಡ ಅಂತು.”

“ಅಯ್ಯ!”

“ತಾರೀಖಿಗಿಂತ ಮೊದಲ ಒಂದು ಸೊನ್ನಿ, ಒಂದು ಚುಕ್ಕಿ ಇಟ್ಟಿದ್ರ ಮುಗದಿತ್ತು. ಸೊನ್ನಿಗಿಂತ ಒಂದು ಯಾವಾಗಿದ್ರೂ ದೊಡ್ಡದು. ಈ ಕೆಲಸ ಮಾಡೂ ಎಲ್ಲಾರಿಗೂ ಗೊತ್ತಿದ್ದದ್ದು. ನಾ ಮರತೆ.”

ಈ ಸೊನ್ನೆ ಚುಕ್ಕಿಗಾಗಿ ಒಬ್ಬ ಮನುಷ್ಯ ಸತ್ತ ಎಂದು ಅವಳು ಮೂರು ವಾರದಿಂದ ಹೇಳುತ್ತಿದ್ದಳು. ಅನ್ನ ಬಡಿಸಿದರೆ ಉಣ್ಣುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಒಂದು ಕೊರತೆ ಇತ್ತಂತೆ. ಕೋಣೆಯ ಹಿಮ ಕರಗಿಸುವ ಹೊತ್ತಿನಲ್ಲಿ ಯಾರಾದರೂ ಗುಂಡಿ ಒತ್ತಿದರೆ ಅದಕ್ಕೆ ಕೇಳಿಸುತ್ತಿರಲಿಲ್ಲ. ಕಿಶೋರನ ಹೊಸದರಲ್ಲಿ ಅದು ಸರಿಯಾಗಿತ್ತು. ಹೊಸದು ಈ ಕಂಪ್ಯೂಟರಿಗೆ ಇಳಿದಿದ್ದರೆ ಲಾಲಪ್ಪ ಬದುಕುತ್ತಿದ್ದ. ಇದು ಅಮರನು ಟೈಪು ಮಾಡಿಸಿದ ಹೇಳಿಕೆಯ ಸಾರ.

ಕಂಪ್ಯೂಟರು ನನಗೆ ಬರುವುದಿಲ್ಲ. ಆದರೆ ಬರೆದದ್ದನ್ನು ಓದಲು ಬರುತ್ತದೆ.

“ತಾರೀಖಿಗಿಂತ ಮೊದಲ ಇದೇನಿದು? ಎರಡು ಅಂತ ಅದ. ಅದಕ್ಕ ಹಚ್ಚಿ ಎರಡು ಚುಕ್ಕಿ.”

ಶೀತಲ್ ಕೀಲಿಮಣೆಯಿಂದ ಕೈ ತೆಗೆದಳು.

ಪರದೆಯ ಮೇಲೆ ಇದ್ದದ್ದು ಬರೀ ತಾರೀಖಲ್ಲ. 2:20030914 ಎಂದಿತ್ತು. ಅವಳು ಬೆರಳಿಟ್ಟು ತೋರಿಸಿದ್ದು ಆಚೆಯ ಭಾಗವನ್ನಷ್ಟೇ.

“ಶೀತಲ್, ನಿನ್ನನ್ನಽ ಕೇಳಾಕತ್ತೀನಿ.”

“ಅದು ಶಕೆ,” ಎಂದಳು.

“ಯಾವ ಶಕೆ?”

“ನಾವು ಆಫೀಸಿನ್ಯಾಗ ಹಂಗ ಅಂತೀವಿ. ಪಂಚಾಂಗದಾಗ ಶಾಲಿವಾಹನ ಶಕೆ ಅಂತಿರತದಲ್ಲ, ಹಂಗ. ಹಳೇ ಶಕೆಯೊಳಗ ಎಷ್ಟ ದೊಡ್ಡ ವರ್ಷ ಇದ್ರೂ ಹೊಸಾ ಶಕೆ ಚಾಲೂ ಆತಂದ್ರ ಅದರದ್ದಽ ನಡೀತದ. ನಂಬರ್ ತಪ್ಪಿ ದೊಡ್ಡದ ಹಾಕಿಬಿಟ್ರ ಇದೊಂದಽ ದಾರಿ. ಮುಂದೊಂದು ಶಕೆ ಹಚ್ಚೂದು. ಒಮ್ಮೆ ಹಚ್ಚಿದ ಮ್ಯಾಲೆ ತಗಿಯಾಕ ಬರಂಗಿಲ್ಲ. ಏರಸಬಹುದು, ಅಷ್ಟ.”

“ಹಂಗಾರ ನೀ ತಪ್ಪು ತಿದ್ದಿದ್ದಿ.”

“ಫೆಬ್ರವರಿಯೊಳಗಽ ತಿದ್ದಿದೆ. ಒಂದನೇ ಶಕೆ ಹಚ್ಚಿ ಕಿಶೋರಂದು ಕಳಿಸಿದೆ. ಎಲ್ಲಾ ಕಡೆ ಹೋತು. ಇಲ್ಲೂ ಬಂದಿತ್ತು.”

ನಾನು ಎದ್ದು ನಿಂತೆ. ಪೇದೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

“ನೀ ಹಾಕಿದ್ದು ಒಂದು. ಇಲ್ಲಿ ಎರಡದ. ಎರಡನ್ನ ಯಾರು ಹಾಕಿದ್ರು?”

“ನಾ ಹಾಕಿಲ್ಲ.”

“ಅದು ತಿಳೀತು. ಹಳೇ ಪ್ರೋಗ್ರಾಮಿಗೆ ಎರಡನೇ ಶಕೆ ಹಚ್ಚಿ, ನೀ ತಿದ್ದಿದ್ದನ್ನ ಕೆಳಗ ತಳ್ಳಿ, ಹಳೇದನ್ನ ವಾಪಸ್ ಯಾರೋ ಕೂಡಿಸ್ಯಾರ. ತಪ್ಪಿ ಆಗೂ ಕೆಲಸ ಅಲ್ಲ ಇದು. ಹೌದಿಲ್ಲೋ?”

“ಬಿಡು, ಚಿಗವ್ವ.”

“ಏನು ಬಿಡು? ಹುಡುಗಿ, ನಿನ್ನ ಕೊಳ್ಳಾಗಿನ ಉರಲು ಬಿಚ್ಚಾಕತ್ತೀನಿ ನಾನು! ಬಿಡು ಅಂತಾಳ!”

“ಯಾರು ಹಾಕಿದ್ರೂ ಲಾಲಪ್ಪ ಎದ್ದು ಬರಂಗಿಲ್ಲ,” ಎಂದಳು. ಕಂಪ್ಯೂಟರು ಆರಿಸಿ ಬಟ್ಟೆಯ ಕವರು ಹಾಕಿದಳು. ಕವರಿನ ನಿರಿಗೆಯನ್ನೂ ಸರಿಮಾಡಿದಳು.

ಹೊರಗೆ ಮೇ ತಿಂಗಳ ಬಿಸಿಲು ಮುಖಕ್ಕೆ ಬಡಿಯಿತು. ಮಾಲು ಇಳಿಸುವ ಕಟ್ಟೆಯ ಮೇಲೆ, ಸೈರನ್ನಿನ ಕೆಳಗೆ, ಖಾಲಿ ಗೋಣಿಚೀಲಗಳ ಮೇಲೆ ಲಾಲಪ್ಪನ ಹೆಂಡತಿ ತಿಪ್ಪವ್ವ ಕೂತಿದ್ದಳು. ಯಾದಗಿರಿ ಕಡೆಯವಳು. ದಿನಾ ಬಂದು ಕೂರುತ್ತಾಳಂತೆ. ಯಾರಿಗೂ ಏನೂ ಅನ್ನುವುದಿಲ್ಲ, ಯಾರೂ ಏಳು ಅನ್ನುವುದಿಲ್ಲ.

ನನ್ನನ್ನು ನೋಡಿ ಕೇಳಿದಳು. “ಗಂಟಿ ಒತ್ತಿದ್ನಂತಲ್ರಿ?”

“ಹೌದವ್ವ.”

“ಹಂಗಾರ ಹೊರಗ ಬರಬೇಕಂದಿದ್ದ,” ಎಂದಳು. ಅಷ್ಟು ಹೇಳಿ ಸೆರಗಿನ ತುದಿಯನ್ನು ಮಡಚಲು ಶುರುಮಾಡಿದಳು. ಶೀತಲ್ ಅವಳತ್ತ ನೋಡದೆ ಗೇಟಿನ ಕಡೆ ನಡೆದುಬಿಟ್ಟಳು.

ಗೇಟಿನಲ್ಲಿ ವಾಚ್‌ಮನ್ ಅವ್ವಣ್ಣ ತಡೆದು ನಿಲ್ಲಿಸಿದ. ಕೇಳದಿದ್ದರೂ ಹೇಳಿಕೊಳ್ಳುವ ಚಾಳಿ ಅವನದು. “ಎಲ್ಲಾರೂ ನನ್ನಽ ನೋಡತಾರ್ರಿ ಬಾಯಾರ. ಶನಿವಾರ, ಐತವಾರ ಎರಡೂ ದಿನ ಈ ಗೇಟ್ ಬಿಟ್ಟು ನಾ ಅಲುಗಾಡಿಲ್ಲ. ಗಂಟಿ ಒದರಿದ್ರ ನಾ ಓಡಿ ಹೋಗತಿದ್ದಿಲ್ಲೇನ್ರಿ? ಒದರಲಿಲ್ಲ. ದೇವರಾಣಿ ಒದರಲಿಲ್ಲ.”

“ಸಾವಕಾಶ. ನಾ ಎಲ್ಲಿ ಒದರಿತು ಅಂದೆ?”

ಕೋಲ್ಡ್ ಸ್ಟೋರೇಜಿನ ಒಡತಿ ಸಾವಂತ್ರವ್ವನವರು ಆಫೀಸಿನ ಬಾಗಿಲಿಗೆ ಬಂದರು. ಗೋಕಾಕ ಕಡೆಯ ದೊಡ್ಡ ಮನೆತನ. ಗಂಡ ತೀರಿಕೊಂಡ ಮೇಲೆ ವ್ಯವಹಾರವನ್ನೆಲ್ಲ ಅವರೇ ನೋಡುತ್ತಾರೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಬೀಗದ ಕೈಗೊಂಚಲು.

“ಚಾ ಕುಡದು ಹೋಗ್ರಿ, ಬಿಸಲಾಗ ಹೊಂಟೀರಿ.”

“ಬ್ಯಾಡ್ರಿ, ನಿಗಡಿಗೆ ಹೋಗಬೇಕು.”

“ಅಮರನ ಕಡೆ ಏನು? ಭಾಳ ಛಲೋ ಹುಡುಗ.” ಅವರು ಗೇಟಿನಾಚೆ ನಿಂತ ಶೀತಲ್‌ಳನ್ನು ನೋಡಿದರು. “ನೋಡ್ರಿ, ನಾ ಹಿರ್ಯಾಕಿ ಅಂತ ಒಂದ ಮಾತ ಹೇಳತೀನಿ. ಹುಡುಗಿ ಒಪ್ಪಿಕೊಂಡುಬಿಡಲಿ. ಕೈತಪ್ಪಿನಿಂದ ಆದದ್ದು. ಸಣ್ಣ ವಯಸ್ಸು ಐತಿ, ಕೋರ್ಟಿನವ್ರೂ ತಾಯಿಕರಳ ಇದ್ದವ್ರಽ ಇರತಾರ. ಜಗ್ಗಾಡಿದಷ್ಟೂ ಆಕೀದಽ ಹೆಸರ ಕೆಡತೈತಿ.”

ನಿಮ್ಮ ಮಗಳಾಗಿದ್ದರೆ ಹೀಗೇ ಅನ್ನುತ್ತಿದ್ದಿರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸ್ಕೂಟಿ ಚಾಲೂ ಮಾಡಿದೆ.

ಗುಲ್ಟೇಕಡಿಯಿಂದ ನಿಗಡಿ ಎಂದರೆ ಊರಿನ ಈ ಅಂಚಿನಿಂದ ಆ ಅಂಚು. ಮುಂಬೈ ರಸ್ತೆಯ ಮೇಲೆ ಟ್ರಕ್ಕುಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗುವಾಗ, ಹಿಂದೆ ಕೂತ ಹುಡುಗಿ ನನ್ನ ಸೊಂಟ ಹಿಡಿದಿದ್ದಾಳೋ ಬಿಟ್ಟಿದ್ದಾಳೋ ಎಂದು ಎರಡು ಸಲ ಕೈಹಾಕಿ ನೋಡಿದೆ. ಹಿಡಿದಿದ್ದಳು. ಗೋಣಿಚೀಲದ ಭಾರವಿದ್ದ ಹಾಗಿತ್ತು, ಮನುಷ್ಯರ ಭಾರವಲ್ಲ. ಪಿಂಪ್ರಿಯ ಸಿಗ್ನಲ್ಲಿನಲ್ಲಿ ಕಬ್ಬಿನ ಹಾಲು ಕುಡಿಯುತ್ತೀಯಾ ಎಂದು ಕೇಳಿದೆ. ಕೊಡಿಸಿದರೆ ಕುಡೀತೀನಿ ಎಂದಳು.

ಅಮರನ ಆಫೀಸು ಖಾರದ ತಿಂಡಿ ಮಾರುವ ಫರಸಾಣ ಅಂಗಡಿಯ ಮಹಡಿಯ ಮೇಲೆ. ಕೋಲ್ಡ್ ಸ್ಟೋರೇಜುಗಳಿಗೆ ಕಂಪ್ಯೂಟರು ಕೂರಿಸಿ ನೋಡಿಕೊಳ್ಳುವ ಸಣ್ಣ ಕಂಪನಿ. ಅವನೊಬ್ಬ, ಶೀತಲ್ ಒಬ್ಬಳು, ಮೇಜು ನಾಲ್ಕು. ವಿಜಾಪುರದವನು. ಮೆತ್ತಗೆ ಮಾತಾಡುತ್ತಾನೆ, ಎದ್ದು ನಿಂತು ಕುರ್ಚಿ ಕೊಡುತ್ತಾನೆ. ಇಂಥವರನ್ನು ಕಂಡರೆ ನನಗೆ ಮೊದಲಿನಿಂದ ಸಂಶಯ.

“ಬರ್ರಿ ಅಕ್ಕಾರ, ಕೂಡ್ರಿ. ಚಾ ತರಸತೀನಿ.”

“ಎಲ್ಲಾರಿಗೂ ನನಗ ಚಾ ಕುಡಸೂದಽ ಕೆಲಸ ಆಗ್ಯದ ಇವತ್ತ. ಎರಡನೇ ಶಕೆ ಯಾಕ ಹಚ್ಚಿದ್ರಿ?”

ಅವನು ಕೂರಲಿಲ್ಲ, ನಿಲ್ಲಲೂ ಇಲ್ಲ. ಮೇಜಿಗೆ ಒರಗಿ ಹಾಗೇ ಉಳಿದ. ಶೀತಲ್ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು.

“ಯಾವ ಶಕೆ ಅಕ್ಕಾರ?”

“ಅಮರ, ನಾ ಮಷೀನ್ ನೋಡಿ ಬಂದೀನಿ. ಈ ಕೆಲಸ ಬರೂದು ನಿಮಗಿಬ್ಬರಿಗೆ. ಆಕಿ ಒಂದು ಹಾಕ್ಯಾಳ. ಎರಡು ಆಕಿ ಹಾಕಿಲ್ಲ. ಉಳದವ್ರು ಯಾರು, ನಾನೋ?”

ಕೆಳಗೆ ಅಂಗಡಿಯಲ್ಲಿ ಶೇವು ಕರಿಯುವ ವಾಸನೆ ಬರುತ್ತಿತ್ತು. ಅಮರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

“ನಾನಽ ಹಾಕಿದೆ,” ಎಂದ.

“ಯಾಕ?”

“ಕಿಶೋರನ ಹೊಸಾದು ಹಾಕಿದ ಮ್ಯಾಲೆ ಸೈರನ್ ಯಾರೂ ಒತ್ತದಽ ಒದರಾಕ ಹತ್ತಿತ್ರಿ. ಥಂಡಿಗೆ ವಾಯರಿನ್ಯಾಗ ನೀರು ಇಳೀತಿತ್ತು, ಅದನ್ನಽ ಒತ್ತ್ಯಾರ ಅಂತ ತಿಳೀತಿತ್ತು ಅದು. ಸಾವಂತ್ರವ್ವನವರು ದಿನಾ ಫೋನ್. ಹಮಾಲರು ಮಾಲ ಬಿಟ್ಟು ಓಡಿ ಬರತಾರ, ಯಾರ್ಡಿನವರೆಲ್ಲಾ ನಗತಾರ, ನಿಂದು ಬ್ಯಾಡಽ ಬ್ಯಾಡ, ಕಿತ್ತುಕೊಂಡು ಹೋಗು ಅಂದ್ರು. ಆ ಗಿರಾಕಿ ಹೋದ್ರ ಈ ಆಫೀಸ್ ಮುಚ್ಚಿಧಂಗ ಅಕ್ಕಾರ. ಲಾಲಪ್ಪ ಸತ್ತ ವಾರದಾಗಽ, ಬುಧವಾರ, ಹಳೇದಕ್ಕ ಎರಡು ಹಚ್ಚಿ ಕಳಿಸಿದೆ. ಅವರಿಗೆ ಫೋನಿನ್ಯಾಗ ಹೇಳಿದೆ, ಹಳೇದು ಹಾಕೀನ್ರಿ, ತುಸು ದಿನ ಗಂಟಿ ಮ್ಯಾಲೆ ಭರೋಸಾ ಇಡಬ್ಯಾಡ್ರಿ ಅಂತ.”

“ಹಮಾಲರಿಗೆ ಯಾರು ಹೇಳಿದ್ರು?”

ಅವನು ಕನ್ನಡಕವನ್ನು ಮೇಜಿನ ಮೇಲಿಟ್ಟ.

“ಶೀತಲ್‌ಗ?”

“ಹೇಳಲಿಲ್ಲ. ಆಕಿ ತಿದ್ದಿದ್ದನ್ನ ನಾ ಕೆಡಿಸಿದೆ ಅಂತ ಹೇಳಾಕ ಬಾಯಿ ಬರಲಿಲ್ಲ.”

ನಾನು ಕೈಚೀಲದಿಂದ ಅವನು ಟೈಪು ಮಾಡಿಸಿದ ಹೇಳಿಕೆ ತೆಗೆದು ಮೇಜಿನ ಮೇಲೆ ಎಸೆದೆ. “ಇದನ್ನ ಬರಸಾಕ ಹೆಂಗ ಬಾಯಿ ಬಂತು? ಹುಡುಗಿಯ ಹಳೇ ತಪ್ಪು ಹುಡುಕಿ, ತಿದ್ದಿದ್ದನ್ನ ನುಂಗಿ, ಆಕೀ ಕೊಳ್ಳಿಗೇ ಕಟ್ಟಿದ್ಯಲ್ಲೋ! ನಾಚಿಕಿ ಆಗಲಿಲ್ಲ ನಿನಗ?”

ಅಷ್ಟರಲ್ಲಿ ನನ್ನ ಮಾತಿನ ‘ರೀ’ ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

“ಹೆದರಿದೆ ಅಕ್ಕಾರ. ಮನ್ಯಾಗ ಸಣ್ಣ ಕೂಸದ.”

“ತಿಪ್ಪವ್ವನ ಮನ್ಯಾಗ ಏನದ? ಹೋಗಿ ನೋಡಿದಿ ಏನು?”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದ. ನನಗೆ ಕನಿಕರ ಹುಟ್ಟಲಿಲ್ಲ. ಗೆದ್ದೆ ಎಂದೂ ಅನಿಸಲಿಲ್ಲ. ಹುಡುಗಿ ಉಳಿದಳು ಎಂದಷ್ಟೇ ತಲೆಯಲ್ಲಿತ್ತು.

“ಮೂರು ಹಾಕಿದ್ದೆ,” ಎಂದ ಕೈಯೊಳಗಿಂದ.

“ಏನು?”

“ಮೂರನೇ ಶಕೆ. ಕಿಶೋರ ವಾಯರಿಂದು ಸರಿ ಮಾಡಿ ಕೊಟ್ಟ. ಗುಂಡಿ ಒತ್ತಿದ್ರಷ್ಟಽ ಒದರತದ, ಹಿಮ ಕರಗಸೂ ಹೊತ್ತಿನ್ಯಾಗೂ ಒದರತದ. ಅದಕ್ಕ ಮೂರು ಹಚ್ಚಿ ಶುಕ್ರವಾರ ಸಂಜೀಕ ಫೋನ್ ಲೈನಿನ ಮ್ಯಾಲೆ ಕಳಿಸಿದೆ. ನಡುಕಽ ಲೈನ್ ಕಟ್ಟಾತು. ಹೋತೋ ಇಲ್ಲೋ ನೋಡಲಿಲ್ಲ. ಮರುದಿನ ಊರಾಗ ಮಗಳ ಜಾವಳ ಇತ್ತು, ಬಸ್ಸಿಗೆ ಹೊತ್ತಾಗಿತ್ತು. ಸೋಮವಾರ ಬಂದ್ರ ಲಾಲಪ್ಪನ ಸುದ್ದಿ. ಮಷೀನಿನ್ಯಾಗ ಹಳೇದಽ ಅದ ಅಂದ್ರು ಪೊಲೀಸರು. ಹಂಗಾರ ನಂದು ಹೋಗಿಲ್ಲ. ಒಂದು ಘಳಿಗಿ ನಿಂತು ನೋಡಿದ್ರ ಆ ಮನುಷ್ಯ ಉಳೀತಿದ್ದ ಅಕ್ಕಾರ. ಕೂಸಿನ ಕೂದಲಾ ತಗಸಾಕ ಓಡಿದೆ ನಾನು.”

“ಇದನ್ನೆಲ್ಲಾ ಇನ್ಸ್‌ಪೆಕ್ಟರ್ ಮುಂದ ಹೇಳು. ಏಳು, ಹೋಗೂಣು.”

ಅವನು ಎದ್ದ. ಚಪ್ಪಲಿ ಹುಡುಕಿದ. ನಾನು ಕೈಚೀಲ ಹೆಗಲಿಗೆ ಹಾಕಿಕೊಂಡೆ.

“ಮೂರು ಹೋಗಿತ್ತು ಸರ್,” ಎಂದಳು ಶೀತಲ್.

ಸ್ಟೂಲಿನ ಮೇಲೆ ಹೇಗೆ ಕೂತಿದ್ದಳೋ ಹಾಗೇ ಕೂತಿದ್ದಳು. ಕೈಗಳು ಮಡಿಲಲ್ಲಿದ್ದವು.

“ಏನಂದಿ?”

“ಸರ್ ಹಾಕಿದ ಮೂರು ಹೋಗಿತ್ತು. ನಾ ನೋಡೀನಿ. ಐತವಾರ ಮುಂಜಾನೆ ಅಲ್ಲಿ ಮೂರು ಇತ್ತು. ನಾನಽ ಅದನ್ನ ಎರಡಕ್ಕ ಇಳಿಸಿದೆ.”

ಅಮರ ಒಂದು ಚಪ್ಪಲಿ ಮೆಟ್ಟಿ ನಿಂತಿದ್ದ. “ತಾನಾಗಿ ಕೆಳಗ ಇಳಿಯಂಗಿಲ್ಲ ಅದು,” ಎಂದ ನನ್ನ ಕಡೆ ತಿರುಗಿ, ನಾನು ಕೇಳಿದ್ದೆನೋ ಎಂಬಂತೆ. “ಜುಲುಮಿಲೆ ಇಳಸಬೇಕು. ಅದಕ್ಕ ಬ್ಯಾರೆ ಅಪ್ಪಣಿ ಕೊಡಬೇಕು.”

“ಕೊಟ್ಟೆ,” ಎಂದಳು ಶೀತಲ್. “ಲಾಲಪ್ಪ ಫೋನ್ ಮಾಡಿದ್ದ. ಗಂಟಿ ಸುಮ್ಮಸುಮ್ಮನ ಒದರಾಕತ್ತದ, ಬಾಯಾರು ಕೂಗ್ಯಾಡತಾರ, ಇವತ್ತೊಂದಿನ ಹಳೇದಽ ಹಾಕಿಬಿಡ್ರಿ, ನಾಳೆ ಬೇಕಾರ ಹೊಸಾದು ಹಾಕ್ರಿ ಅಂದ. ನೋಡಿದೆ. ಹಳೇದು ಅಲ್ಲೇ ಬಾಜೂಕ ಇತ್ತು. ಇಳಿಸಿದೆ. ಒಂದಽ ದಿನದ್ದು, ಏನಾಗತದ ಅನ್ಕೊಂಡೆ. ಆಮ್ಯಾಲೆ ಅವನಽ ಒಳಗ ಹೋಗ್ಯಾನ. ಗುಂಡಿ ಒತ್ಯಾನ.”

“ಎಲ್ಲಿಂದ ಇಳಿಸಿದಿ? ಐತವಾರ ನೀ ಮನ್ಯಾಗಿದ್ದಿ.”

“ಮನಿಯಿಂದಽ. ಫೋನಿಗೆ ಕಂಪ್ಯೂಟರ್ ಹಚ್ಚಿದ್ರ ಆಗತದ. ನೀ ಅಡಗಿಮನ್ಯಾಗ ರೊಟ್ಟಿ ಬಡೀತಿದ್ದಿ.”

ಧನಕವಡಿಯ ನನ್ನ ಎರಡು ಕೋಣೆಯ ಮನೆ. ನನ್ನ ಫೋನು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತಿರದ ಕುರ್ಚಿಯಲ್ಲಿ ಕೂತೆ.

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನಿನ್ನ ಮನಿಯಿಂದ ಆದದ್ದು. ಹೆಂಗ ಹೇಳಲಿ? ಸರ್ ಆ ಕಾಗದ ಕೊಟ್ಟಾಗ, ಇದೂ ನಂದಽ ತಪ್ಪು, ಇರಲಿ ಅನಸ್ತು. ತಪ್ಪಿನ ಹೆಸರು ಬ್ಯಾರೆ ಆದ್ರೇನು, ಕೊಂದಾಕಿ ನಾನಽ ಅಲ್ಲೇನು?”

ಅಮರ ನನ್ನನ್ನು ನೋಡುತ್ತಿದ್ದ. ನಾನು ಬೇರೇನನ್ನೋ ಯೋಚಿಸುತ್ತಿದ್ದೆ.

ಸಸೂನ್ ಆಸ್ಪತ್ರೆಯ ಶವಾಗಾರದ ಹೊರಗೆ ಡಾಕ್ಟರು ಸಿಗರೇಟು ಸೇದುತ್ತ ನನಗೆ ಕೆಲವು ಮಾತು ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಊಟದ ಹೊತ್ತಿಗೆ ಹೇಳುವ ಮಾತಲ್ಲ ಅದು. ಮೊದಲೇ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ.

“ಶೀತಲ್, ಇಲ್ಲಿ ನೋಡು. ಲಾಲಪ್ಪ ಯಾವಾಗ ಸತ್ತ ಅಂತ ತಿಳದಿ?”

“ಐತವಾರ. ಫೋನ್ ಮಾಡಿದ ಮ್ಯಾಲೆ.”

“ಯಾರು ಹೇಳಿದ್ರು ನಿನಗ?”

“ಯಾರೂ ಹೇಳಲಿಲ್ಲ. ಫೋನ್ ಮಾಡಿದಾಗ ಇದ್ದನಲ್ಲ. ಆಮ್ಯಾಲೆ ಬಾಗಲಾ ತಗಸಿ ಒಳಗ ಹೋಗಿರಬೇಕು ಅನ್ಕೊಂಡೆ.”

“ಅವನ ಹೊಟ್ಟಿಯೊಳಗ ಇದ್ದದ್ದು ಶನಿವಾರ ಮಧ್ಯಾಹ್ನದ ಊಟ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ. ಅದರ ಮ್ಯಾಲೆ ಒಂದು ತುತ್ತೂ ತಿಂದಿಲ್ಲ. ಮೈ ಒಳಗ ಎಲುಬಿನ ತನಕ ಗಡ್ಡಿ ಕಟ್ಟಿತ್ತು, ಒಂದು ರಾತ್ರಿಗೆ ಹಂಗ ಆಗಂಗಿಲ್ಲ ಅಂದ್ರು ಡಾಕ್ಟರ್. ಶನಿವಾರ ಸಂಜೀಕ ಬಾಗಲಾ ಹಾಕಿದಾಗಽ ಅವ ಒಳಗಿದ್ದ. ಐತವಾರ ಹೊತ್ತು ಹುಟ್ಟೂದ್ರಾಗ ಸತ್ತಿದ್ದ.”

ಶೀತಲ್ ತಲೆಯೆತ್ತಿದಳು. ಮೂರು ವಾರದಲ್ಲಿ ಮೊದಲ ಸಲ ಅವಳು ನನ್ನನ್ನು ನೋಡಿದಳು ಎನಿಸಿತು.

“ಅಂದ್ರ ನಾ ಇಳಸೂ ಮೊದಲಽ?”

“ಮೊದಲಽ. ನೀ ಕೊಂದಿಲ್ಲ. ಇವನೂ ಕೊಂದಿಲ್ಲ.”

ಅಮರ ಗೋಡೆಗೊರಗಿ ನೆಲದ ಮೇಲೆ ಕೂತ. “ಶನಿವಾರ ಅಲ್ಲಿ ಮೂರಿತ್ತು,” ಎಂದ. “ಮೂರರಾಗ ಗಂಟಿ…”



“ಒದರಿತ್ತು,” ಎಂದೆ ನಾನು. “ಲಾಲಪ್ಪ ಗುಂಡಿ ಒತ್ತಿದ, ಸೈರನ್ ಒದರಿತು. ಯಾರೋ ಕೇಳ್ಯಾರ. ಕೇಳಿ ಬಾಗಲಾ ತಗದಿಲ್ಲ. ಮುಂಜಾನೆ ಎದ್ದು ಮಷೀನಿನ್ಯಾಗ ಹಳೇದು ಇರೂ ಹಂಗ ಮಾಡ್ಯಾರ, ತಪ್ಪು ನಿಮ್ಮ ನಂಬರಿನ ಮ್ಯಾಲೆ ಬರಲಿ ಅಂತ. ಅದನ್ನ ನಿನ್ನ ಕೈಲೇ ಮಾಡಿಸ್ಯಾರ.”

ಇಷ್ಟು ದಿನ ಅಳದ ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಮುಖ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ನನ್ನ ಎದೆ ಉರಿಯಿತು. ಕೊನೆಗೂ ಏನೋ ಅನಿಸಿತಲ್ಲ ಎಂದು ಸಮಾಧಾನವೂ ಆಯಿತು.

“ಫೋನ್ ಮಾಡಿದವ ಲಾಲಪ್ಪಽ ಅಂತ ಹೆಂಗ ತಿಳೀತು?”

“ಅವನಽ ಅಂದ. ನಾ ಲಾಲಪ್ಪ ಮಾತಾಡತೀನ್ರಿ ಅಂತ. ಲೈನ್ ಗರಗರ ಅಂತಿತ್ತು. ಅವನ ದನಿ ನನಗೇನು ಅಷ್ಟು ಪರಿಚಯ ಇದ್ದಿದ್ದಿಲ್ಲ.” ಶೀತಲ್ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದಳು. “ಆದ್ರ ಮೊದಲ ಫೋನ್ ಎತ್ತಿದ್ದು ನಾ ಅಲ್ಲ, ಚಿಗವ್ವ. ನೀನು. ಎತ್ತಿ, ನಿಂಗಽ ಅದ ಅಂತ ಕೊಟ್ಟಿ. ನೆನಪಿಲ್ಲೇನು?”

ಇರಲಿಲ್ಲ. ಅವಳು ಹೇಳಿದ ಮೇಲೆ ಬಂತು. ಕೈಯೆಲ್ಲ ಜೋಳದ ಹಿಟ್ಟು, ರಿಸೀವರನ್ನು ಎರಡು ಬೆರಳಲ್ಲಿ ಹಿಡಿದು ಭುಜಕ್ಕೆ ಒತ್ತಿಕೊಂಡಿದ್ದೆ. ಒಲೆಯ ಮೇಲೆ ರೊಟ್ಟಿ ಹೊತ್ತುತ್ತಿತ್ತು.

ಆ ಕಡೆಯಿಂದ ಮೊದಲು ಮಾತಾಡಿದ್ದು ಗಂಡಸಲ್ಲ.

‘ಶೈಲಕ್ಕಾರ, ರೊಟ್ಟಿ ಮಾಡಾಕತ್ತೀರೇನ್ರಿ? ಶೀತಲ್‌ಗ ತುಸು ಕೊಡ್ರಿ,’ ಎಂದಿದ್ದಳು ಒಬ್ಬ ಹೆಂಗಸು. ಮೆತ್ತಗಿನ ದನಿ, ಬೇಕಾದವರ ದನಿ. ಯಾರೆಂದು ಕೇಳದೆಯೇ ನಾನು ನಕ್ಕು ಹೌದ್ರಿ ಅಂದಿದ್ದೆ.

ಆ ಭಾನುವಾರದ ತನಕ ಕೋಲ್ಡ್ ಸ್ಟೋರೇಜಿನವರು ಯಾರೂ ನನ್ನನ್ನು ಕಂಡಿರಲಿಲ್ಲ. ಆದರೆ ಆ ಹೆಂಗಸಿಗೆ ನನ್ನ ಹೆಸರು ಗೊತ್ತಿತ್ತು, ನನ್ನ ಮನೆಯಲ್ಲಿ ಯಾವ ಹೊತ್ತಿಗೆ ರೊಟ್ಟಿ ಬೇಯುತ್ತದೆ ಎನ್ನುವುದೂ ಗೊತ್ತಿತ್ತು. ನಮ್ಮ ಮನೆಯನ್ನು ಬಲ್ಲವರೇ ಯಾರೋ ಆ ಕಡೆ ಸೇರಿದ್ದರು.